ಕಂಪ್ಯೂಟರ್ ಕೇಳಿ-ಹೇಳಿ: ಹಳೇ ಡಿಸ್ಕ್ ಬೀರುವಿನಲ್ಲಿರಲಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಮೇಲಿವೆ. ಮನೆಯಲ್ಲಿ ಹಳೇ ಕಂಪ್ಯೂಟರ್ ಇದೆ, ಅದಕ್ಕೆ ಮತ್ತೆ ಓಎಸ್ (ವಿಂಡೋಸ್‌ನಂಥ, ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರ್) ಹಾಕಬೇಕು, ಹೇಗೆ ಅಂತ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತಲ್ಲ, ಅಲ್ಲಿಂದ ಈಚೆಗೆ ಈ ಪ್ರಶ್ನೆ ನಿಂತೇ ಇಲ್ಲ. ಬೇರೆ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು. ಮೊದಲ ಪತ್ರಕ್ಕೆ ಉದ್ದದ ಉತ್ತರ ಬರೆದಿದ್ದೇನೆ. ಉಳಿದವರೂ ಓದಿ, ನಿಮಗೆ ಬೇಕಾದದ್ದೂ ಅದರಲ್ಲೇ ಇದೆ.

ಮೇಡಂ, ನಮಸ್ಕಾರ. ನಮ್ಮದು 2013ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಸೆಂಬಲ್ ಮಾಡಿಸಿದ ಕಂಪ್ಯೂಟರ್. ಐ3 ಮೂರನೇ ಜನರೇಷನ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಈಗ ಆನ್ ಮಾಡಿದರೆ ಹತ್ತು ನಿಮಿಷ ಬೇಕು. ನಮ್ಮ ಯಜಮಾನರು ತೀರಿಕೊಂಡು ಎರಡು ವರ್ಷ ಆಯಿತು. ಅವರು ‘ನುಡಿ’ ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಟ್ಟ ನಮ್ಮೂರಿನ ಕಥೆಗಳು, ಮನೆತನದ ವಿಷಯ ಎಲ್ಲ ಅದರಲ್ಲೇ ಇವೆ. ನಾನೂರು ಪುಟ ಆಗಬಹುದು. ಬಡಾವಣೆಯ ಅಂಗಡಿಯವರು ಫಾರ್ಮ್ಯಾಟ್ ಮಾಡಿ ವಿಂಡೋಸ್ 11 ಹಾಕಿಕೊಡ್ತೀನಿ ಅಂತಾರೆ. ಮೊಮ್ಮಗಳು ಎರಡನೇ ಪಿಯುಸಿ, ಅಜ್ಜಿ ನಾವೇ ಮಾಡೋಣ ಅಂತಾಳೆ. ನನಗೆ ಬೇಕಾಗಿರುವುದು ಇಂಟರ್ನೆಟ್, ಮೇಲ್, ಕನ್ನಡ ಟೈಪಿಂಗ್, ಅಮೆರಿಕದಲ್ಲಿರುವ ಮಗನ ಜೊತೆ ವಿಡಿಯೋ ಮಾತು ಅಷ್ಟೇ. ಏನು ಮಾಡಲಿ?
ನಿವೃತ್ತ ಶಿಕ್ಷಕಿ, ಶ್ರೀನಗರ

ಅಮ್ಮಾ, ಸದ್ಯಕ್ಕೆ ಸಿಪಿಯು ಯಾರಿಗೂ ಕೊಡಬೇಡಿ. ಆ ನಾನೂರು ಪುಟ ಇನ್ನೊಂದು ಕಡೆ ಭದ್ರವಾಗಿ ಕೂತ ಮೇಲೆ ಏನು ಬೇಕಾದರೂ ಮಾಡಬಹುದು. ಅಲ್ಲಿವರೆಗೆ ‘ಫಾರ್ಮ್ಯಾಟ್’, ಅಂದರೆ ಡಿಸ್ಕ್ ಅಳಿಸಿ ಖಾಲಿ ಮಾಡುವುದು, ಅನ್ನುವ ಮಾತು ಮನೆಯಲ್ಲಿ ಬೇಡ.

ನಿಮ್ಮ ಮೊಮ್ಮಗಳು ಹೇಳಿದ್ದೇ ಸರಿ. ನೀವಿಬ್ಬರೇ ಮಾಡಬಹುದು. ನಾನು 22 ವರ್ಷ ಒಂದು ಶಾಲೆಯ ಕಂಪ್ಯೂಟರ್ ಲ್ಯಾಬ್ ನೋಡಿಕೊಂಡವಳು. ಮೂವತ್ತು ಕಂಪ್ಯೂಟರ್, ಅದರಲ್ಲಿ ಇಪ್ಪತ್ತು ಯಾವಾಗಲೂ ಹಳೆಯವೇ. ಪ್ರತಿ ಬೇಸಿಗೆ ರಜೆಯಲ್ಲಿ ಎಲ್ಲಕ್ಕೂ ಹೊಸದಾಗಿ ಓಎಸ್ ಹಾಕುತ್ತಿದ್ದೆ. ಹಾಗಾಗಿ ನಿಮ್ಮಂಥ ಡಬ್ಬಿಯ ಒಳಗು ಹೊರಗು ನನಗೆ ಚೆನ್ನಾಗಿ ಗೊತ್ತು.

ಅದು ಯಾಕೆ ನಿಧಾನ ಅಂತ ಮೊದಲು ನೋಡೋಣ. ಕಂಪ್ಯೂಟರ್ ಆನ್ ಆದ ಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ‘ಡಿಸ್ಕ್’ ಅನ್ನುವ ಕಡೆ ನೋಡಿ. ನೂರು ಅಂತ ತೋರಿಸುತ್ತಾ ಹಾಗೇ ನಿಂತಿದ್ದರೆ ತಪ್ಪು ನಿಮ್ಮ ಐ3ದಲ್ಲ. ತಿರುಗುವ ಹಾರ್ಡ್ ಡಿಸ್ಕಿಗೆ ವಿಂಡೋಸ್ 10 ಕೊಡುವ ಕೆಲಸ ಮುಗಿಸಲು ಆಗುತ್ತಿಲ್ಲ ಅಷ್ಟೇ. ರ‍್ಯಾಮ್, ಅಂದರೆ ಕೆಲಸ ಮಾಡುವಾಗ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗ, 4 ಜಿಬಿ ಮಾತ್ರ ಇರುವುದರಿಂದ ಅಲ್ಲಿ ಹಿಡಿಸದ್ದೆಲ್ಲ ಮತ್ತೆ ಡಿಸ್ಕಿನ ಮೇಲೆಯೇ ಬೀಳುತ್ತದೆ. ಇಂಥ ಮಷೀನಿಗೆ ಫಾರ್ಮ್ಯಾಟ್ ಮಾಡಿ ಅದೇ ಡಿಸ್ಕಿಗೆ ಮತ್ತೆ ವಿಂಡೋಸ್ ಹಾಕಿದರೆ ನಾಲ್ಕು ತಿಂಗಳು ಚೆನ್ನಾಗಿರುತ್ತದೆ, ಆಮೇಲೆ ಮತ್ತದೇ ಕಥೆ.

ಅಂಗಡಿಯವರು ಹೇಳಿದ ವಿಂಡೋಸ್ 11 ನಿಮ್ಮ ಕಂಪ್ಯೂಟರಿಗೆ ಹೇಳಿ ಮಾಡಿಸಿದ್ದಲ್ಲ. ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಷನ್‌ನಿಂದ ಮೇಲಿನದ್ದು ಬೇಕು. ನಿಮ್ಮದು ಮೂರನೆಯದು. ತಪಾಸಣೆ ತಪ್ಪಿಸಿ ಹಾಕುವ ದಾರಿ ಇದೆ, ಹಾಕಿಯೂ ಕೊಡುತ್ತಾರೆ. ಆದರೆ ಹಾಗೆ ಹಾಕಿದ್ದಕ್ಕೆ ಮುಂದೆ ಅಪ್‌ಡೇಟ್ ಬಂದೇ ಬರುತ್ತದೆ ಅಂತ ಮೈಕ್ರೋಸಾಫ್ಟ್ ಭರವಸೆ ಕೊಡುವುದಿಲ್ಲ.

ನನ್ನ ಸಲಹೆ ಇದು. ಹಳೇ ಡಿಸ್ಕನ್ನು ಮುಟ್ಟಲೇಬೇಡಿ. 240 ಅಥವಾ 256 ಜಿಬಿಯ ಒಂದು ಹೊಸ ಸಾಟಾ ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕಿನ ಬದಲು ಹಾಕುವ ವೇಗದ ಡಿಸ್ಕ್, ತನ್ನಿ. ಓಎಸ್ ಅದಕ್ಕೆ ಹಾಕಿ. ಹಳೇ ಡಿಸ್ಕನ್ನು ಬಿಚ್ಚಿ, ಒಂದು ಬಟ್ಟೆಯಲ್ಲಿ ಸುತ್ತಿ, ಬೀರುವಿನಲ್ಲಿ ಇಡಿ. ಹೀಗೆ ಮಾಡಿದರೆ ನಿಮ್ಮ ಕೈಯಿಂದ ಏನೇ ತಪ್ಪಾದರೂ ಯಜಮಾನರು ಬರೆದದ್ದಕ್ಕೆ ಏನೂ ಆಗುವುದಿಲ್ಲ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, 2011ರ ಬೇಸಿಗೆಯಲ್ಲಿ ನಾನೇ ಒಂದು ತಪ್ಪು ಮಾಡಿದೆ. ನಮ್ಮ ಲ್ಯಾಬಿನಲ್ಲಿ 14ನೇ ನಂಬರಿನ ಕಂಪ್ಯೂಟರಿಗೆ ಎರಡು ಡಿಸ್ಕ್ ಇದ್ದವು. ಎರಡೂ 80 ಜಿಬಿ. ವಿಂಡೋಸ್ ಹಾಕುವಾಗ ‘ಡಿಸ್ಕ್ 0’, ‘ಡಿಸ್ಕ್ 1’ ಅಂತ ಎರಡು ಸಾಲು ಬಂತು. ಸಂಜೆ ಐದೂವರೆ ಆಗಿತ್ತು, ಮನೆಗೆ ಹೋಗುವ ಆತುರ. ನಾನು ಅಳಿಸಿದ್ದು ಬೇಡದ ಸಾಲನ್ನಲ್ಲ, ಲೈಬ್ರರಿ ಮೇಡಂ ಎರಡು ವರ್ಷ ಕೂತು ಟೈಪ್ ಮಾಡಿದ್ದ ಪುಸ್ತಕಗಳ ಪಟ್ಟಿ ಇದ್ದ ಸಾಲನ್ನು. ಮಾರನೇ ದಿನ ಅವರಿಗೆ ಹೇಳುವಾಗ ನನ್ನ ಗಂಟಲು ಕಟ್ಟಿತ್ತು. ಅವರು ಒಂದು ಮಾತೂ ಬೈಯಲಿಲ್ಲ. ರಿಜಿಸ್ಟರ್ ತೆಗೆದು ಒಂದನೇ ನಂಬರಿನ ಪುಸ್ತಕದಿಂದ ಮತ್ತೆ ಟೈಪ್ ಮಾಡಲು ಕೂತರು. ಅವತ್ತಿನಿಂದ ನಾನು ಓಎಸ್ ಹಾಕುವಾಗ ಬೇರೆ ಎಲ್ಲ ಡಿಸ್ಕಿನ ಕೇಬಲ್ ಕಿತ್ತಿಟ್ಟೇ ಕೂರುವುದು. ಕಂಪ್ಯೂಟರಿನಲ್ಲಿ ಇಲ್ಲದ ಡಿಸ್ಕನ್ನು ಅಳಿಸಲು ಆಗುವುದಿಲ್ಲ ಅಲ್ವಾ?

ಈಗ ಆ ಬರಹಗಳ ವಿಷಯ. ಇದಕ್ಕೆ ಒಂದು ಪೂರ್ತಿ ಸಂಜೆ ಕೊಡಿ.

ಮೊದಲು ‘ಕ್ರಿಸ್ಟಲ್ ಡಿಸ್ಕ್ ಇನ್ಫೋ’ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ಡಿಸ್ಕಿನ ಆರೋಗ್ಯ ನೋಡಿ. ನೀಲಿ ಬಣ್ಣ ಬಂದರೆ ಸರಿ ಇದೆ. ಹಳದಿ ಬಂದರೆ ಡಿಸ್ಕಿನ ಕೆಲವು ಜಾಗ ಆಗಲೇ ಕೆಟ್ಟಿವೆ ಅಂತ ಅರ್ಥ. ಆಗ ಬೇರೆ ಕೆಲಸ ಎಲ್ಲ ನಿಲ್ಲಿಸಿ ಮೊದಲು ಕಾಪಿ ಮಾಡಿಕೊಳ್ಳಿ. ಹದಿಮೂರು ವರ್ಷದ ಡಿಸ್ಕ್ ಅದು. ಬೀರುವಿನಲ್ಲಿ ಇಟ್ಟಿದ್ದೇನೆ ಅಂತ ಅದೊಂದನ್ನೇ ನಂಬಿ ಕೂರುವ ಹಾಗಿಲ್ಲ. ಒಂದು ದೊಡ್ಡ ಪೆನ್ ಡ್ರೈವ್, ಇಲ್ಲವೇ ಹೊರಗಿನಿಂದ ಹಾಕುವ ಹಾರ್ಡ್ ಡಿಸ್ಕ್, ಎರಡರಲ್ಲಿ ಒಂದು ಬೇಕೇ ಬೇಕು.

ಕಾಪಿ ಮಾಡುವಾಗ ‘ಡಿ’ ಡ್ರೈವ್ ಮಾತ್ರ ಮಾಡಿ ಸುಮ್ನೆ ಆಗಬೇಡಿ. ಡೆಸ್ಕ್‌ಟಾಪ್ ಮೇಲೆ ಕಾಣುವುದೆಲ್ಲ ‘ಸಿ’ ಡ್ರೈವಿನ ‘ಯೂಸರ್ಸ್’ ಫೋಲ್ಡರಿನ ಒಳಗೆ ಇರುತ್ತದೆ. ಆ ಇಡೀ ಫೋಲ್ಡರ್ ತೆಗೆದುಕೊಳ್ಳಿ. ನುಡಿ ಹಾಕಿದ ಫೋಲ್ಡರ್ ಒಳಗೂ ನೋಡಿ. ತುಂಬಾ ಜನ ಫೈಲ್ ಅಲ್ಲೇ ಸೇವ್ ಮಾಡಿರುತ್ತಾರೆ.

ಇದಾದ ಮೇಲೆ ನುಡಿಯ ಅಕ್ಷರಗಳು. ಇದನ್ನು ಯಾವ ಅಂಗಡಿಯಲ್ಲೂ ಬಿಡಿಸಿ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಹಳೇ ನುಡಿಯಲ್ಲಿ ಟೈಪ್ ಮಾಡಿದ ಬರಹ ಕಂಪ್ಯೂಟರಿನ ಲೆಕ್ಕಕ್ಕೆ ಕನ್ನಡವೇ ಅಲ್ಲ. ಅದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದು. ಆ ಚಿತ್ರ ಇರುವುದು ನುಡಿ ಫಾಂಟಿನಲ್ಲಿ. ಹೊಸ ಓಎಸ್ ಹಾಕಿದ ಮೇಲೆ ಫಾಂಟ್ ಇರುವುದಿಲ್ಲ. ಆಗ ಫೈಲ್ ತೆರೆದರೆ ಪುಟ ತುಂಬಾ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು. ‘ಪಿ’ ಅಕ್ಷರದ ಪಕ್ಕ ತಲೆ ಮೇಲೆ ಸಣ್ಣ ಗೆರೆ ಹೊತ್ತ ‘ಎ’ ಬಂದರೆ ಅದು ನಮ್ಮ ‘ಕ’. ಪೌಂಡ್ ಹಣದ ಗುರುತಿನ ಪಕ್ಕ ಅದೇ ‘ಎ’ ಬಂದರೆ ಅದು ‘ನ’. ಇದು ಗೊತ್ತಿಲ್ಲದೆ ಎಷ್ಟೋ ಜನ ಫೈಲ್ ಕೆಟ್ಟುಹೋಯಿತು ಅಂತ ಅಳಿಸಿಬಿಟ್ಟಿದ್ದಾರೆ. ನನಗೆ ಅದನ್ನು ಕೇಳಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಅಂಥ ಫೈಲ್ ಕೆಟ್ಟಿರುವುದಿಲ್ಲ ಅಮ್ಮಾ, ಫಾಂಟ್ ಇರುವುದಿಲ್ಲ ಅಷ್ಟೇ.

ಹಾಗಾಗಿ ‘ಸಿ’ ಡ್ರೈವ್, ‘ವಿಂಡೋಸ್’, ಅದರೊಳಗೆ ‘ಫಾಂಟ್ಸ್’ ಫೋಲ್ಡರಿಗೆ ಹೋಗಿ. ‘ನುಡಿ’ ಅಂತ ಶುರುವಾಗುವ ಫಾಂಟ್ ಎಲ್ಲವನ್ನೂ ಕಾಪಿ ಮಾಡಿ ಅದೇ ಪೆನ್ ಡ್ರೈವಿನಲ್ಲಿ ಇಡಿ. ಇನ್ನೂ ಒಂದು ಕೆಲಸ ಮಾಡಿ. ಹಳೇ ಕಂಪ್ಯೂಟರ್ ನಡೆಯುತ್ತಿರುವಾಗಲೇ ಒಂದೊಂದು ಫೈಲನ್ನೂ ತೆರೆದು ಪ್ರಿಂಟ್ ಕೊಡಿ. ಪ್ರಿಂಟರ್ ಹೆಸರಿನ ಜಾಗದಲ್ಲಿ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಆರಿಸಿಕೊಳ್ಳಿ. ಪಿಡಿಎಫ್‌ನಲ್ಲಿ ಅಕ್ಷರದ ಚಿತ್ರ ಒಳಗೇ ಸೇರಿಕೊಳ್ಳುತ್ತದೆ. ಆ ಪುಟ ಮುಂದೆ ಯಾವ ಕಂಪ್ಯೂಟರಿನಲ್ಲಿ, ಯಾವ ಫೋನಿನಲ್ಲಿ ತೆರೆದರೂ ಯಜಮಾನರು ನೋಡಿದ ಹಾಗೆಯೇ ಕಾಣುತ್ತದೆ. ಬರಹವನ್ನು ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಕನ್ನಡ ಅಂತಲೇ ಗೊತ್ತಾಗುವ ರೂಪಕ್ಕೆ, ಬದಲಾಯಿಸುವ ಸೌಲಭ್ಯವೂ ನುಡಿಯ ಈಚಿನ ಆವೃತ್ತಿಗಳಲ್ಲಿದೆ. ಅದನ್ನು ಮೊಮ್ಮಗಳು ನಿಧಾನವಾಗಿ ಮಾಡಲಿ. ಬದಲಾಯಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ನೀವು ಒಮ್ಮೆ ಓದಿ ನೋಡಿ. ‘ಸೂರ್ಯ’, ‘ಧರ್ಮ’ ಇಂಥವು. ತಪ್ಪು ಬಂದರೆ ಹೆಚ್ಚಾಗಿ ಅಲ್ಲೇ ಬರುವುದು. ನೀವು ಶಿಕ್ಷಕಿ, ಆ ಕೆಲಸ ನಿಮಗಿಂತ ಚೆನ್ನಾಗಿ ಯಾರು ಮಾಡುತ್ತಾರೆ?

ಇಷ್ಟಾದರೆ ಕಷ್ಟದ ಭಾಗ ಮುಗಿಯಿತು. ಕಂಪ್ಯೂಟರನ್ನು ಕೊನೆಯ ಸಲ ಆಫ್ ಮಾಡುವಾಗ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕೊಡಿ. ಇಲ್ಲದಿದ್ದರೆ ವಿಂಡೋಸ್ 10 ಅರೆನಿದ್ದೆಯಲ್ಲಿ ಉಳಿದಿರುತ್ತದೆ. ಮುಂದೆ ಹಳೇ ಡಿಸ್ಕನ್ನು ನಾನು ಕೆಳಗೆ ಹೇಳುವ ಲಿನಕ್ಸ್ ಅನ್ನುವ ಓಎಸ್‌ನಲ್ಲಿ ತೆರೆದಾಗ ಓದಲು ಮಾತ್ರ ಬಿಡುತ್ತದೆ, ಬರೆಯಲು ಬಿಡುವುದಿಲ್ಲ.

ಓಎಸ್ ಯಾವುದು? ನೀವು ಬರೆದಿರುವ ಪ್ರಕಾರ ನಿಮಗೆ ಬೇಕಾಗಿರುವುದು ಇಂಟರ್ನೆಟ್, ಮೇಲ್, ಕನ್ನಡ ಟೈಪಿಂಗ್, ಅಮೆರಿಕದಲ್ಲಿರುವ ಮಗನ ಜೊತೆ ವಿಡಿಯೋ ಮಾತು. ಇಷ್ಟಕ್ಕೆ ಲಿನಕ್ಸ್ ಮಿಂಟ್ ಸಾಕು. ದುಡ್ಡು ಕೊಡಬೇಕಾಗಿಲ್ಲ. 22ನೇ ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ಇದೆ. ಅದರಲ್ಲಿ ‘ಎಕ್ಸ್‌ಎಫ್‌ಸಿಇ’ ಅನ್ನುವ ಹಗುರವಾದ ಬಗೆ ಆರಿಸಿಕೊಳ್ಳಿ. ಕೆಳಗೆ ಪಟ್ಟಿ, ಎಡ ಮೂಲೆಯಲ್ಲಿ ಮೆನು, ನೋಡಲು ನಿಮಗೆ ಪರಿಚಯದ್ದೇ ಅನ್ನಿಸುತ್ತದೆ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ‘ಕಗಪ’ ಅಂತ ಕನ್ನಡ ವಿನ್ಯಾಸ ಸಿಗುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ಬಳಸುವ ಅದೇ ವಿನ್ಯಾಸ. ಬೆರಳಿನ ಅಭ್ಯಾಸ ಹೆಚ್ಚು ಬದಲಾಗಬೇಕಾಗಿಲ್ಲ. ನೀವು ಎತ್ತಿಟ್ಟ ನುಡಿ ಫಾಂಟ್‌ಗಳ ಮೇಲೆ ಡಬಲ್ ಕ್ಲಿಕ್ ಮಾಡಿ ‘ಇನ್‌ಸ್ಟಾಲ್’ ಕೊಟ್ಟರೆ ಹಳೇ ಬರಹಗಳೂ ಲಿಬ್ರೆ ಆಫೀಸ್ ಅನ್ನುವ ಬರಹದ ಸಾಫ್ಟ್‌ವೇರಿನಲ್ಲಿ ತೆರೆಯುತ್ತವೆ.

ಮೊಮ್ಮಗಳ ಲ್ಯಾಪ್‌ಟಾಪಿನಲ್ಲಿ ಮಿಂಟ್‌ನ ಫೈಲ್ ಇಳಿಸಿಕೊಳ್ಳಲಿ. ಸುಮಾರು 3 ಜಿಬಿ ಇರುತ್ತದೆ. ‘ರೂಫಸ್’ ಸಾಫ್ಟ್‌ವೇರಿನಿಂದ ಅದನ್ನು ಒಂದು ಖಾಲಿ 8 ಜಿಬಿ ಪೆನ್ ಡ್ರೈವಿಗೆ ಹಾಕಲಿ. ನಿಮ್ಮ ಬರಹ ಇಟ್ಟ ಪೆನ್ ಡ್ರೈವ್ ಆ ಹೊತ್ತಿನಲ್ಲಿ ಮೇಜಿನ ಮೇಲೆಯೂ ಇರಬಾರದು. ಎರಡೂ ಒಂದೇ ಥರ ಕಾಣುತ್ತವೆ, ರೂಫಸ್ ಸಿಕ್ಕಿದ್ದನ್ನು ಪೂರ್ತಿ ಅಳಿಸುತ್ತದೆ.

ಎಸ್‌ಎಸ್‌ಡಿಗೆ ಎಸ್.ಪಿ. ರೋಡಿಗೆ ಹೋಗುವುದಾದರೆ ಭಾನುವಾರ ಬೇಡ, ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ಚಿಕ್ಕಪೇಟೆ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದರೆ ನಡೆದೇ ಹೋಗಬಹುದು. ಬಿಲ್ ಕೇಳಿ ಪಡೆಯಿರಿ. ಅಲ್ಲೇ ಡೆಸ್ಕ್‌ಟಾಪಿನ 4 ಜಿಬಿ ಡಿಡಿಆರ್3 ರ‍್ಯಾಮ್ ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಒಂದು ತನ್ನಿ, ನಿಮ್ಮ ಮದರ್‌ಬೋರ್ಡಿನಲ್ಲಿ (ಸಿಪಿಯು ಡಬ್ಬಿಯೊಳಗಿನ ಮುಖ್ಯ ಹಲಗೆ) ಇನ್ನೊಂದು ಸ್ಲಾಟ್ ಖಾಲಿ ಇದ್ದರೆ.

ಮನೆಗೆ ಬಂದು ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ಸಿಪಿಯುವಿನ ಪವರ್ ಬಟನ್ ಒಂದು ಸಲ ಒತ್ತಿಬಿಡಿ. ಒಳಗೆ ಉಳಿದ ಕರೆಂಟ್ ಹೋಗುತ್ತದೆ. ಪಕ್ಕದ ತಗಡು ಬಿಚ್ಚಿ. ಹಾರ್ಡ್ ಡಿಸ್ಕಿಗೆ ಎರಡು ಕೇಬಲ್ ಬಂದಿರುತ್ತವೆ, ಒಂದು ಅಗಲ, ಒಂದು ಸಣ್ಣದು. ಎರಡರ ಬಾಯೂ ಒಂದು ಮೂಲೆಯಲ್ಲಿ ಮಡಚಿದ ಹಾಗೆ ಇರುತ್ತದೆ, ತಪ್ಪು ಕಡೆಯಿಂದ ಹಾಕಲು ಬರುವುದೇ ಇಲ್ಲ. ಅವೇ ಎರಡು ಕೇಬಲ್ ಕಿತ್ತು ಎಸ್‌ಎಸ್‌ಡಿಗೆ ಹಾಕಿ. ಅದು ಬಿಸ್ಕತ್ತಿನಷ್ಟು ಹಗುರ, ಒಳಗೆ ತಿರುಗುವ ಭಾಗ ಇಲ್ಲ. ಸದ್ಯಕ್ಕೆ ಒಂದು ಸ್ಕ್ರೂ ಸಾಕು.

ಪೆನ್ ಡ್ರೈವ್ ಹಾಕಿ ಆನ್ ಮಾಡಿ. ಬೋರ್ಡ್ ಆಸುಸ್ ಆದರೆ ಎಫ್8, ಗಿಗಾಬೈಟ್ ಆದರೆ ಎಫ್12, ಎಂಎಸ್‌ಐ ಆದರೆ ಎಫ್11 ಕೀಯನ್ನು ಟಕಟಕ ಒತ್ತುತ್ತಿರಿ. ಪೆನ್ ಡ್ರೈವಿನ ಹೆಸರು ಎರಡು ಸಲ ಬಂದರೆ ‘ಯುಇಎಫ್‌ಐ’ ಅಂತ ಮುಂದೆ ಇರುವುದನ್ನು ಆರಿಸಿ. ಮಿಂಟ್ ಪೆನ್ ಡ್ರೈವಿನಿಂದಲೇ ನಡೆಯಲು ಶುರುವಾಗುತ್ತದೆ. ಈ ಹಂತದಲ್ಲಿ ಏನೂ ಇನ್‌ಸ್ಟಾಲ್ ಆಗಿರುವುದಿಲ್ಲ. ಸ್ಪೀಕರ್ ಕೇಳುತ್ತದಾ, ಇಂಟರ್ನೆಟ್ ಬರುತ್ತದಾ, ಪ್ರಿಂಟರ್ ಹಿಡಿಯುತ್ತದಾ, ಎಲ್ಲ ನೋಡಿ. ಮನಸ್ಸಿಗೆ ಬಂದರೆ ಮಾತ್ರ ಡೆಸ್ಕ್‌ಟಾಪಿನ ಮೇಲಿರುವ ‘ಇನ್‌ಸ್ಟಾಲ್’ ಚಿತ್ರ ಒತ್ತಿ. ‘ಎರೇಸ್ ಡಿಸ್ಕ್’ ಅಂತ ಕೇಳಿದಾಗ ಎದೆ ಧಸಕ್ ಅನ್ನುತ್ತದೆ. ಅನ್ನಲಿ. ಅಲ್ಲಿರುವುದು ಖಾಲಿ ಎಸ್‌ಎಸ್‌ಡಿ ಮಾತ್ರ. ಮಧ್ಯದಲ್ಲಿ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ ಹಾಕಿದರಾಯಿತು, ಕಳೆದುಕೊಳ್ಳುವುದು ಏನೂ ಇಲ್ಲ.

ಒಂದು ವಾರ ಬಳಸಿ. ಮಿಂಟ್ ಹಿಡಿಸದೇ ಹೋದರೆ ಹಳೇ ಡಿಸ್ಕಿಗೆ ಕೇಬಲ್ ಸಿಕ್ಕಿಸಿ, ಹಿಂದಿನ ಕಂಪ್ಯೂಟರ್ ಹಾಗೇ ಇರುತ್ತದೆ. ಪಿಡಿಎಫ್‌ಗಳನ್ನು ಅಮೆರಿಕದ ಮಗನಿಗೂ ಒಂದು ಪ್ರತಿ ಕಳಿಸಿ.

ಮೇಡಂ, ಹಳೇ ಪಿಸಿಗೆ ವಿಂಡೋಸ್ 10 ಮತ್ತೆ ಹಾಕಿದೆ. ಯಾವ ವೆಬ್‌ಸೈಟ್ ತೆರೆದರೂ ಸಂಪರ್ಕ ಸುರಕ್ಷಿತ ಅಲ್ಲ ಅಂತ ಬರುತ್ತೆ. ಮೂರು ಸಲ ಮತ್ತೆ ಮತ್ತೆ ಹಾಕಿದೆ. ಅದೇ ಗೋಳು. ಮೂಲೆಯಲ್ಲಿ ತಾರೀಕು 2010 ಅಂತ ತೋರಿಸುತ್ತೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?
ಡಿಪ್ಲೊಮಾ ವಿದ್ಯಾರ್ಥಿ, ನಾಗರಭಾವಿ

ಸಂಬಂಧ ಇದೆ, ಅದೇ ಕಾರಣ ಕಣಪ್ಪ. ಮೂರು ಸಲ ಹಾಕಿದ ಶ್ರಮ ವ್ಯರ್ಥ ಆಯಿತು, ಆದರೆ ಕಣ್ಣು ಸರಿಯಾದ ಜಾಗಕ್ಕೆ ಹೋಗಿದೆ. ಪ್ರತಿ ವೆಬ್‌ಸೈಟಿಗೂ ಒಂದು ಪ್ರಮಾಣಪತ್ರ ಇರುತ್ತದೆ. ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಅಂತ ಅದರಲ್ಲಿ ಬರೆದಿರುತ್ತದೆ. ನಿನ್ನ ಕಂಪ್ಯೂಟರ್ ಇನ್ನೂ 2010ರಲ್ಲಿದೆ. ಆ ಪ್ರಮಾಣಪತ್ರಗಳೆಲ್ಲ ಅದರ ಲೆಕ್ಕಕ್ಕೆ ಇನ್ನೂ ಹುಟ್ಟೇ ಇಲ್ಲ. ಅದಕ್ಕೇ ನಂಬುವುದಿಲ್ಲ.

ಮದರ್‌ಬೋರ್ಡಿನ ಮೇಲೆ ರೂಪಾಯಿ ನಾಣ್ಯದಂಥ ಒಂದು ಸೆಲ್ ಇದೆ. ಅದರ ಮೇಲೆ ಸಿಆರ್2032 ಅಂತ ಇರುತ್ತದೆ. 20 ಅಂದರೆ ಅದರ ಅಗಲ 20 ಮಿಲಿಮೀಟರ್, 32 ಅಂದರೆ ದಪ್ಪ 3.2 ಮಿಲಿಮೀಟರ್. ವೈರ್ ಕಿತ್ತ ಮೇಲೂ ಗಡಿಯಾರ ಓಡಿಸುವುದು ಅದೇ. ವಾಚ್ ಅಂಗಡಿಯಲ್ಲಿ ಸಿಗುತ್ತದೆ. ಪಕ್ಕದ ಸಣ್ಣ ಕೊಕ್ಕೆ ಒತ್ತಿದರೆ ಹಳೆಯದು ಪುಟಿದು ಮೇಲೆ ಬರುತ್ತದೆ. ಬರೆದಿರುವ ಕಡೆ ಮೇಲೆ ಬರುವ ಹಾಗೆ ಹೊಸದು ಕೂರಿಸು. ಮೊದಲ ಸಲ ಆನ್ ಮಾಡಿದಾಗ ಎಫ್1 ಒತ್ತು ಅಂತ ಕೇಳಬಹುದು. ವಿಂಡೋಸ್‌ಗೂ ಮುಂಚೆ ಬರುವ ಬಯಾಸ್ ಅನ್ನುವ ಸೆಟ್ಟಿಂಗ್ ಒಳಗೆ ಹೋಗಿ ತಾರೀಕು ಸರಿ ಮಾಡಿ ಸೇವ್ ಮಾಡು. ವಿಂಡೋಸ್ ಮುಟ್ಟಬೇಕಾಗಿಲ್ಲ.

ಕಂಪ್ಯೂಟರ್ ನಿಧಾನ ಅಂತ ಅಂಗಡಿಗೆ ಕೊಟ್ಟೆವು. ಹೇಳದೆ ಕೇಳದೆ ಪೂರ್ತಿ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಿ ಕೊಟ್ಟಿದ್ದಾರೆ. ಮಗಳ ನಾಮಕರಣದಿಂದ ಐದನೇ ಹುಟ್ಟುಹಬ್ಬದವರೆಗಿನ ಫೋಟೋ ಎಲ್ಲ ಹೋಯಿತು. ನನ್ನ ಹೆಂಡತಿ ಎರಡು ದಿನದಿಂದ ಅಳುತ್ತಿದ್ದಾಳೆ. ಏನಾದರೂ ದಾರಿ ಇದೆಯಾ ಮೇಡಂ?
ಓದುಗರು, ಕೆಂಗೇರಿ ಉಪನಗರ

ಇದೆ. ಈ ಪತ್ರ ನನ್ನ ಕೈ ಸೇರಿದ ದಿನವೇ ನಿಮಗೆ ಚುಟುಕಾಗಿ ಉತ್ತರ ಕಳಿಸಿದ್ದೇನೆ, ಇಲ್ಲಿ ಬರೆಯುತ್ತಿರುವುದು ಬೇರೆಯವರಿಗೂ ಗೊತ್ತಾಗಲಿ ಅಂತ.

ಆ ಕಂಪ್ಯೂಟರನ್ನು ಈ ಕ್ಷಣ ಆಫ್ ಮಾಡಿ. ಇಂಟರ್ನೆಟ್ ನೋಡುವುದೂ ಬೇಡ. ಓಎಸ್ ಹಾಕುವಾಗ ಸಾಮಾನ್ಯವಾಗಿ ಮಾಡುವುದು ಕ್ವಿಕ್ ಫಾರ್ಮ್ಯಾಟ್. ಮನೆಯೊಳಗಿನ ಸಾಮಾನು ಹಾಗೇ ಇರುತ್ತದೆ, ಯಾವ ಕೋಣೆಯಲ್ಲಿ ಏನಿದೆ ಅನ್ನುವ ಪಟ್ಟಿಯನ್ನು ಮಾತ್ರ ಹರಿದು ಹಾಕಿರುತ್ತಾರೆ. ಹೊಸ ವಿಂಡೋಸ್ ಕೂತ ಜಾಗದಲ್ಲಿದ್ದ ಫೋಟೋಗಳು ಹೋಗಿರುತ್ತವೆ. ಮಿಕ್ಕ ಜಾಗದಲ್ಲಿರುವವು ಇನ್ನೂ ಇರಬಹುದು. ಆದರೆ ನೀವು ಕಂಪ್ಯೂಟರ್ ಬಳಸಿದಷ್ಟೂ ಅವುಗಳ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ.

ಡಿಸ್ಕ್ ಬಿಚ್ಚಿ, ಇನ್ನೊಂದು ಕಂಪ್ಯೂಟರಿಗೆ ಎರಡನೇ ಡಿಸ್ಕಾಗಿ ಸೇರಿಸಿ. ‘ಫೋಟೋರೆಕ್’ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಅದು ಹರಿದ ಪಟ್ಟಿಯನ್ನು ನಂಬಿ ಕೂರುವುದಿಲ್ಲ. ಡಿಸ್ಕಿನ ಒಂದೊಂದು ತುಣುಕನ್ನೂ ಓದಿ, ಇದು ಫೋಟೋದ ಆರಂಭ, ಇದು ವಿಡಿಯೋದ ಆರಂಭ ಅಂತ ಗುರುತು ಹಿಡಿದು ಎತ್ತಿಕೊಡುತ್ತದೆ. ಫೈಲಿನ ಹೆಸರು, ಫೋಲ್ಡರ್ ಯಾವುದೂ ವಾಪಸ್ ಬರುವುದಿಲ್ಲ. ಸಾವಿರಾರು ಫೋಟೋ ನಂಬರ್ ಹೆಸರಿನಲ್ಲಿ ಬಂದು ಬೀಳುತ್ತವೆ. ಸಿಕ್ಕಿದ್ದನ್ನು ಯಾವ ಕಾರಣಕ್ಕೂ ಅದೇ ಡಿಸ್ಕಿಗೆ ಸೇವ್ ಮಾಡಬೇಡಿ. ಬೇರೆ ಡಿಸ್ಕ್ ಇರಲಿ. 500 ಜಿಬಿ ಡಿಸ್ಕ್ ಆದರೆ ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಬಿಟ್ಟು ಮಲಗಿ.

ಇದೆಲ್ಲ ತಿರುಗುವ ಹಾರ್ಡ್ ಡಿಸ್ಕಿಗೆ. ಎಸ್‌ಎಸ್‌ಡಿ ಆಗಿದ್ದರೆ ನಿಮಗೆ ಸುಳ್ಳು ಆಸೆ ಕೊಡಲಾರೆ. ಅದರಲ್ಲಿ ‘ಟ್ರಿಮ್’ ಅಂತ ಒಂದು ವ್ಯವಸ್ಥೆ ಇದೆ. ಫಾರ್ಮ್ಯಾಟ್ ಆದ ಮೇಲೆ ಖಾಲಿ ಅಂದುಕೊಂಡ ಜಾಗವನ್ನು ಅದು ನಿಜವಾಗಿ ಒರೆಸಿಬಿಡುತ್ತದೆ.

2011ರಲ್ಲಿ ಲೈಬ್ರರಿ ಮೇಡಂ ಫೈಲ್ ಕಳೆದಾಗ ಈ ವಿಷಯ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಆ ಡಿಸ್ಕಿಗೇ ವಿಂಡೋಸ್, ಆಫೀಸ್, ಮಕ್ಕಳ ಟೈಪಿಂಗ್ ಸಾಫ್ಟ್‌ವೇರ್ ಎಲ್ಲ ತುಂಬಿಸಿದೆ. ನೀವು ಹಾಗೆ ಮಾಡಿಲ್ಲ. ಎಷ್ಟು ಫೋಟೋ ಸಿಕ್ಕವು ಅಂತ ನನಗೆ ಖಂಡಿತ ಬರೆಯಿರಿ.

ನಮ್ಮ ಕಂಪ್ಯೂಟರಿನದು ಹಳೇ ಕೋರ್ 2 ಡ್ಯುಯೋ ಪ್ರೊಸೆಸರ್. ತಪಾಸಣೆ ತಪ್ಪಿಸಿ ವಿಂಡೋಸ್ 11 ಹಾಕಬಹುದು ಅಂತ ಗೆಳೆಯ ಹೇಳಿದ. ಪ್ರಯತ್ನಿಸಲೇ?
ಓದುಗರು, ಯಲಹಂಕ

ಬೇಡ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಈಚೆಗೆ ಪ್ರೊಸೆಸರಿನಲ್ಲಿ ‘ಪಾಪ್‌ಕೌಂಟ್’ ಅನ್ನುವ ಆದೇಶ ಇರಲೇಬೇಕು. ಕೋರ್ 2 ಡ್ಯುಯೋದಲ್ಲಿ ಅದು ಇಲ್ಲ. ತಪಾಸಣೆ ತಪ್ಪಿಸಿದರೂ ಆನ್ ಆಗುವುದಿಲ್ಲ. ಹಗುರವಾದ ಲಿನಕ್ಸ್ ಹಾಕಿ.

ನಮ್ಮದು ಸಣ್ಣ ಡಿಟಿಪಿ ಅಂಗಡಿ. 500 ರೂಪಾಯಿಗೆ ಒಬ್ಬರು ವಿಂಡೋಸ್ ಹಾಕಿಕೊಟ್ಟರು. ಅವತ್ತಿನಿಂದ ವಿಂಡೋಸ್‌ನ ವೈರಸ್ ತಡೆಯುವ ಡಿಫೆಂಡರ್ ಆನ್ ಆಗುತ್ತಿಲ್ಲ. ಗಿರಾಕಿಗಳ ಪೆನ್ ಡ್ರೈವ್ ಹಾಕಿದರೆ ಫೋಲ್ಡರ್ ಎಲ್ಲ ಶಾರ್ಟ್‌ಕಟ್ ಆಗಿಬಿಡುತ್ತವೆ. ಗಿರಾಕಿಗಳು ಬೈಯುತ್ತಿದ್ದಾರೆ.
ಡಿಟಿಪಿ ಕೆಲಸದವರು, ಚಾಮರಾಜಪೇಟೆ

ಅದು ವೈರಸ್ ಅಣ್ಣಾ. ನಿಮ್ಮ ಕಂಪ್ಯೂಟರಿನಿಂದ ಗಿರಾಕಿಗಳ ಮನೆಗೂ ಹೋಗುತ್ತಿದೆ. ಕದ್ದ ವಿಂಡೋಸನ್ನು ಆಕ್ಟಿವೇಟ್ ಮಾಡುವ ಸಾಫ್ಟ್‌ವೇರ್ ಹಾಕಲು ಮೊದಲು ಡಿಫೆಂಡರ್ ಆಫ್ ಮಾಡುತ್ತಾರೆ. ಆಮೇಲೆ ಬಾಗಿಲು ತೆರೆದೇ ಇರುತ್ತದೆ. ಪೆನ್ ಡ್ರೈವಿನ ಫೈಲ್‌ಗಳು ಅಳಿಸಿಹೋಗಿಲ್ಲ, ಅಡಗಿಸಿಟ್ಟಿದೆ ಅಷ್ಟೇ. ಗಿರಾಕಿಗಳಿಗೆ ಆ ಧೈರ್ಯ ಹೇಳಿ.

ನಿಮ್ಮ ಡಿಟಿಪಿ ಕೆಲಸಕ್ಕೆ ಪುಟ ಜೋಡಿಸುವ ಪೇಜ್‌ಮೇಕರ್, ಹಳೇ ನುಡಿ ಬೇಕು, ಹಾಗಾಗಿ ಲಿನಕ್ಸಿಗೆ ಹೋಗಿ ಅನ್ನುವುದಿಲ್ಲ. ಆದರೆ ವಿಂಡೋಸ್ ಅಸಲಿಯದೇ ಹಾಕಿ. ದುಡ್ಡು ಕೊಡುವ ಮುಂಚೆ ಒಂದು ನೋಡಿ. ಆ ಕಂಪ್ಯೂಟರಿನಲ್ಲಿ ಹಿಂದೆ ಎಂದಾದರೂ ಅಸಲಿ ವಿಂಡೋಸ್ 10 ಆಕ್ಟಿವೇಟ್ ಆಗಿದ್ದರೆ, ಅದರ ಲೈಸೆನ್ಸ್ ಮದರ್‌ಬೋರ್ಡಿನ ಜೊತೆ ಗಂಟು ಹಾಕಿಕೊಂಡಿರುತ್ತದೆ. ಮೈಕ್ರೋಸಾಫ್ಟ್‌ನ ಸೈಟಿನಿಂದ ಇಳಿಸಿದ ವಿಂಡೋಸ್ ಹಾಕಿ, ಕೀ ಕೇಳಿದಾಗ ‘ನನ್ನ ಹತ್ತಿರ ಕೀ ಇಲ್ಲ’ ಅಂತ ಕೊಡಿ. ಇಂಟರ್ನೆಟ್ ಸಿಕ್ಕ ಮೇಲೆ ತಾನಾಗಿಯೇ ಆಕ್ಟಿವೇಟ್ ಆಗುತ್ತದೆ. ವಿಂಡೋಸ್ 8 ಅಥವಾ ಅದರ ನಂತರದ್ದು ಹಾಕಿಯೇ ಬಂದ ಕಂಪನಿ ಕಂಪ್ಯೂಟರ್ ಆಗಿದ್ದರೆ ಕೀ ಬೋರ್ಡಿನ ಒಳಗೇ ಇರುತ್ತದೆ. 10ಕ್ಕೆ ಅಪ್‌ಡೇಟ್ ನಿಂತಿರುವುದರಿಂದ ಪುಟ ಜೋಡಿಸುವ ಆ ಒಂದು ಮಷೀನಿಗೆ ಇಂಟರ್ನೆಟ್ ಬೇಡ. ಮೇಲ್ ನೋಡಲು, ಗಿರಾಕಿಗಳ ಪೆನ್ ಡ್ರೈವ್ ತೆರೆಯಲು ಇನ್ನೊಂದು ಹಳೇ ಪಿಸಿಗೆ ಲಿನಕ್ಸ್ ಹಾಕಿ ಇಟ್ಟುಕೊಳ್ಳಿ. ಆ ಶಾರ್ಟ್‌ಕಟ್ ವೈರಸ್ ವಿಂಡೋಸಿನದು, ಲಿನಕ್ಸಿನಲ್ಲಿ ನಡೆಯುವುದಿಲ್ಲ.

ಆಂಟಿ, ನಾನು ಎಂಟನೇ ಕ್ಲಾಸ್. ನಮ್ಮ ಮನೆ ಕಂಪ್ಯೂಟರ್ ಆನ್ ಮಾಡಿದರೆ ಸ್ಕ್ರೀನ್ ಬರಲ್ಲ. ಉದ್ದಕ್ಕೆ ಬೀಪ್, ಸ್ವಲ್ಪ ಬಿಟ್ಟು ಮತ್ತೆ ಬೀಪ್. ಓಎಸ್ ಹೋಗಿದೆ, ಮತ್ತೆ ಹಾಕಿಸಬೇಕು ಅಂತ ಅಪ್ಪ ಅಂತಾರೆ. ನಿಜಾನಾ?
ವಿದ್ಯಾರ್ಥಿನಿ, ವಿಜಯನಗರ

ಪುಟ್ಟಿ, ಓಎಸ್ ಹೋದರೆ ಸ್ಕ್ರೀನ್ ಬಂದು, ಆಮೇಲೆ ಓಎಸ್ ಸಿಗಲಿಲ್ಲ ಅಂತ ಅಕ್ಷರದಲ್ಲಿ ಬರೆಯುತ್ತದೆ. ಸ್ಕ್ರೀನ್ ಬರದೆ ಹೀಗೆ ಬೀಪ್ ಬಂದರೆ ಹೆಚ್ಚಾಗಿ ರ‍್ಯಾಮ್ ಸರಿಯಾಗಿ ಕೂತಿಲ್ಲ ಅಂತ ಅರ್ಥ. ನಿನ್ನ ಪೆನ್ಸಿಲ್ ಡಬ್ಬಿಯಲ್ಲಿರುವ ರಬ್ಬರ್ ಸಾಕು, ಮೆತ್ತನೆ ಬಿಳಿ ರಬ್ಬರ್.

ಅಪ್ಪನನ್ನೋ ಅಮ್ಮನನ್ನೋ ಪಕ್ಕದಲ್ಲಿ ಕೂರಿಸಿಕೋ. ಸ್ವಿಚ್ ಆಫ್ ಮಾಡಿ ಹಿಂದಿನ ವೈರ್ ಅವರೇ ಕೀಳಲಿ. ತಗಡು ತೆಗೆದ ಮೇಲೆ ಒಳಗಿನ ಕಬ್ಬಿಣದ ಚೌಕಟ್ಟನ್ನು ಒಂದು ಸಲ ಮುಟ್ಟು, ಮೈಯಲ್ಲಿರುವ ಸಣ್ಣ ಕರೆಂಟ್ ಇಳಿಯುತ್ತದೆ. ಮದರ್‌ಬೋರ್ಡಿನ ಮೇಲೆ ಉದ್ದ ಪಟ್ಟಿಯಂತೆ ನಿಂತಿರುವುದೇ ರ‍್ಯಾಮ್. ಅದರ ತುದಿಯ ಕ್ಲಿಪ್‌ಗಳನ್ನು ಹೊರಕ್ಕೆ ಒತ್ತಿದರೆ ಎದ್ದು ಬರುತ್ತದೆ. ಕೆಳಗಡೆ ಚಿನ್ನದ ಬಣ್ಣದ ಸಾಲು ಕಾಣುತ್ತದೆ ನೋಡು. ಈಗ ಅದು ಮಂಕಾಗಿರುತ್ತದೆ. ಬೆರಳಿನಿಂದ ಮುಟ್ಟಬೇಡ. ರಬ್ಬರಿನಿಂದ ಎರಡೂ ಕಡೆ ಮೆಲ್ಲಗೆ, ಮೇಲಿಂದ ಕೆಳಕ್ಕೆ ಉಜ್ಜು. ರಬ್ಬರಿನ ಮೇಲೆ ಕಪ್ಪು ಬರುತ್ತದೆ, ಸಾಲು ಹೊಳೆಯಲು ಶುರುವಾಗುತ್ತದೆ. ಪುಡಿಯನ್ನು ಒಣ ಬ್ರಷ್‌ನಿಂದ ಒರೆಸು, ಬಾಯಿಂದ ಊದಬೇಡ, ಎಂಜಲಿನ ತೇವ ಬೀಳುತ್ತದೆ. ಸ್ಲಾಟಿನ ಒಳಗಿನ ಧೂಳನ್ನೂ ಅದೇ ಬ್ರಷ್‌ನಿಂದ ತೆಗೆ.

ರ‍್ಯಾಮಿನ ಕೆಳಗೆ ಒಂದು ಕಡೆ ಸಣ್ಣ ಕಚ್ಚು ಇದೆ. ಅದು ಸ್ಲಾಟಿನ ಉಬ್ಬಿಗೆ ಸರಿಯಾಗಿ ಕೂರಬೇಕು. ಎರಡು ಹೆಬ್ಬೆರಳಿನಿಂದ ಎರಡೂ ತುದಿ ಸಮನಾಗಿ ಒತ್ತು. ಕ್ಲಿಪ್ ಟಕ್ ಅಂತ ತಾನಾಗಿ ಮುಚ್ಚಿಕೊಂಡರೆ ಸರಿಯಾಗಿ ಕೂತಿದೆ. ವೈರ್ ಹಾಕಿ ಆನ್ ಮಾಡಿದಾಗ ಒಂದೇ ಒಂದು ಚಿಕ್ಕ ಬೀಪ್ ಬಂದು ಸ್ಕ್ರೀನ್ ಬೆಳಗಿದರೆ ಓಎಸ್ ಮುಟ್ಟುವ ಕೆಲಸವೇ ಇಲ್ಲ ಅಂತ ಅಪ್ಪನಿಗೆ ಹೇಳು.